ಕಾಲಿನ ಬಲಕ್ಕೆ ಮೆಟ್ಟಿಲು ಹತ್ತಬೇಕಾ, ಚೀಲ ಹೊತ್ತು ಬಸ್ಕಿ ಹೊಡೆಯಬೇಕಾ?

ಹಾಸನದ ಹಳ್ಳಿಗಳಲ್ಲಿ ಕಬಡ್ಡಿ, ಓಟಕ್ಕೆ ಸಜ್ಜಾಗುವ ಹುಡುಗ ಹುಡುಗಿಯರು ಜಿಮ್ ಇಲ್ಲ ಅಂತ ಸುಮ್ನೆ ಕೂರಬೇಕಿಲ್ಲ.

ಶ್ರವಣಬೆಳಗೊಳದ ವಿಂಧ್ಯಗಿರಿಗೆ 600ಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಅಂಥ ಕಡೆ ಹತ್ತಿದರೆ ದಮ್ಮು ಚೆನ್ನಾಗಿ ಬೆಳೆಯುತ್ತದೆ. ಬಲ ಮಾತ್ರ ಒಂದು ಹಂತಕ್ಕೆ ಬಂದು ನಿಲ್ಲುತ್ತದೆ. ಮೆಟ್ಟಿಲಿನ ಎತ್ತರ ಹೆಚ್ಚುವುದಿಲ್ಲ, ಅಲ್ವಾ? ಮರುದಿನ ತೊಡೆ ನೋಯುವುದು ಹತ್ತಿದ್ದಕ್ಕಿಂತ ಇಳಿದದ್ದಕ್ಕೇ ಜಾಸ್ತಿ. ಇಳಿಯುವಾಗ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು. ಹಾಗಾಗಿ ಓಡಿಕೊಂಡು ಇಳಿಯಬೇಡಿ. ಅದು ಬರಿಗಾಲಲ್ಲಿ ಹತ್ತುವ ಪುಣ್ಯಕ್ಷೇತ್ರವೂ ಹೌದು, ಭಕ್ತರಿಗೆ ಅಡ್ಡಿಯಾಗಬಾರದು.

ಬಸ್ಕಿಯಲ್ಲಿ ಭಾರ ಏರಿಸುತ್ತಾ ಹೋಗಬಹುದು. ಅದೇ ಅದರ ದೊಡ್ಡ ಲಾಭ. ಮೊದಲು ಭಾರವಿಲ್ಲದೆ ರೀತಿ ಕಲಿಯಿರಿ. ಹಿಮ್ಮಡಿ ನೆಲ ಬಿಡಬಾರದು, ಮಂಡಿ ಒಳಕ್ಕೆ ವಾಲಬಾರದು. ಆಮೇಲೆ ಶಾಲೆಯ ಬ್ಯಾಗಿಗೆ ಸ್ವಲ್ಪ ಮರಳು ತುಂಬಿ. 12 ಸಲ ಸುಲಭವಾದಾಗ 1 ಅಥವಾ 2 ಕೆ.ಜಿ. ಸೇರಿಸಿ. ಅದೂ ಸಾಲದಾದರೆ ಒಂದು ಪಾದವನ್ನು ಹಿಂದಿನ ಜಗಲಿಯ ಮೇಲಿಟ್ಟು, ಮುಂದಿನ ಕಾಲಿನ ಬಲದಲ್ಲೇ ಕೂತು ಏಳಿ. ಅದೇ ಚೀಲ ದುಪ್ಪಟ್ಟು ಭಾರ ಅನ್ನಿಸುತ್ತದೆ! ಭಾರ ಎತ್ತಿದರೆ ಮಕ್ಕಳು ಕುಳ್ಳಗಾಗುತ್ತಾರೆ ಅನ್ನುವ ಮಾತು ಸುಳ್ಳು. ಆದರೆ ತಿಳಿದ ದೊಡ್ಡವರೊಬ್ಬರು ಪಕ್ಕದಲ್ಲಿರಲಿ.

ಬಲವೇ ಗುರಿಯಾದರೆ ನನ್ನ ಓಟು ಬಸ್ಕಿಗೆ. ವಾರಕ್ಕೆ 2-3 ದಿನ, ನಡುವೆ ಬಿಡುವು ಕೊಟ್ಟು ಮಾಡಿ. ದಮ್ಮು ಬೇಕಾದವರಿಗೆ ಮೆಟ್ಟಿಲು. ಎರಡರಲ್ಲೂ ತೊಡೆಯ ಹಿಂಭಾಗಕ್ಕೆ ಕೆಲಸ ಕಡಿಮೆ, ಓಟಗಾರರಿಗೆ ಹಿಡಿಯುವುದೂ ಅಲ್ಲೇ. ಅದಕ್ಕೆ ಅಂಗಾತ ಮಲಗಿ, ಮಂಡಿ ಮಡಚಿ, ಸೊಂಟ ಎತ್ತುವ ವ್ಯಾಯಾಮವನ್ನೂ ಸೇರಿಸಿಕೊಳ್ಳಿ.