ಥಾಯ್ ಕಲಿಯಲು ಪುಸ್ತಕ, ಆ್ಯಪ್, ಸೈಟು: ಕನ್ನಡ ಬಲ್ಲವರಿಗೆ ಯಾವುದು ಸರಿ?

ನಮ್ಮ ಕೈಗೆ ಸಿಗುವ ಥಾಯ್ ಕಲಿಕೆಯ ಪುಸ್ತಕಗಳು ಬಹುಪಾಲು ಇಂಗ್ಲಿಷ್ ಓದುಗರಿಗೆಂದೇ ಬರೆದವು. ಕನ್ನಡದಲ್ಲಿ ಥಾಯ್ ಕಲಿಸುವ ಪುಸ್ತಕ ನನ್ನ ಕಣ್ಣಿಗೆ ಬಿದ್ದಿಲ್ಲ. ಹಾಗಾಗಿ ಐದು ಸ್ಟಾರ್ ಬಿದ್ದ ಪುಸ್ತಕವೂ ನಮಗೆ ಎಡವಟ್ಟು ಮಾಡಬಹುದು. ಕೆಲಸದ ಮೇಲೆ ಬ್ಯಾಂಕಾಕ್‌ಗೆ ಬಂದ ಮೇಲೆ ಇವುಗಳಲ್ಲಿ ಹಲವನ್ನು ವರ್ಷಗಟ್ಟಲೆ ಬಳಸಿದ್ದೇನೆ. ಕನ್ನಡ ಓದಿ ಬರೆಯಲು ಬರುವವರಿಗೆ ಇವು ಎಷ್ಟು ಉಪಯೋಗ ಅನ್ನೋದಷ್ಟೇ ಇಲ್ಲಿನ ಲೆಕ್ಕ.

ಎಲ್ಲರೂ ಮೊದಲು ಹೇಳುವ ಹೆಸರು ಬೆಂಜವನ್ ಪೂಮ್ಸನ್ ಬೆಕರ್ ಅವರ ‘ಥಾಯ್ ಫಾರ್ ಬಿಗಿನರ್ಸ್’. 1995ರಲ್ಲಿ ಬಂದ ಪುಸ್ತಕ, ಇವತ್ತಿಗೂ ಸಿಗುತ್ತದೆ. ಪಾಠಗಳ ಜೋಡಣೆ ಚೆನ್ನಾಗಿದೆ. ಪದಗಳು, ವಾಕ್ಯಗಳು, ಜೊತೆಗೆ ಪ್ರತಿ ಪಾಠದಲ್ಲೂ ಸ್ವಲ್ಪ ಲಿಪಿ. ಕೇಳಲು ಆಡಿಯೊ ಕೂಡ ಇದೆ. ಆದರೆ ಲಿಪಿ ಬರದವರಿಗಾಗಿ ಥಾಯ್ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟಿದ್ದಾರೆ. ನಮಗೆ ಪೆಟ್ಟು ಬೀಳುವುದು ಅಲ್ಲೇ.

ಈ ಪುಸ್ತಕದ ಪದ್ಧತಿಯಲ್ಲಿ ‘ಕ’ ಉಚ್ಚಾರಕ್ಕೆ ಜಿ ಅಕ್ಷರ, ‘ಖ’ ಉಚ್ಚಾರಕ್ಕೆ ಕೆ ಅಕ್ಷರ. ಇಂಗ್ಲಿಷ್ ಮಾತಾಡುವವರು ಪದದ ಮೊದಲಲ್ಲಿ ಕೆ ಅಂದಾಗ ತಾನಾಗಿಯೇ ಉಸಿರು ಹೊರಬರುತ್ತದೆ. ಅವರಿಗೆ ಸರಿಹೋಗುತ್ತದೆ. ನಾವು ಕೆ ನೋಡಿದರೆ ‘ಕ’ ಅನ್ನುತ್ತೇವೆ. ಥಾಯ್‌ನಲ್ಲಿ ಕೋಳಿಗೆ ‘ಕೈ’, ಮೊಟ್ಟೆಗೆ ‘ಖೈ’. ಎರಡಕ್ಕೂ ಟೋನ್, ಅಂದರೆ ಪದದ ಅರ್ಥವನ್ನೇ ಬದಲಿಸುವ ದನಿಯ ಏರಿಳಿತ, ಒಂದೇ: ತಗ್ಗಿದ ದನಿ. ವ್ಯತ್ಯಾಸ ಇರುವುದು ಮಹಾಪ್ರಾಣದಲ್ಲಿ ಮಾತ್ರ. ಪುಸ್ತಕದಲ್ಲಿ ಮೊಟ್ಟೆ ಕೆ ಅಕ್ಷರದಿಂದ, ಕೋಳಿ ಜಿ ಅಕ್ಷರದಿಂದ ಶುರುವಾಗುತ್ತದೆ. ಅದನ್ನು ನಮ್ಮ ರೂಢಿಯಂತೆ ಓದಿ ಮೊಟ್ಟೆ ಕೇಳಿದರೆ ತಟ್ಟೆಗೆ ಕೋಳಿ ಬರುತ್ತದೆ. ಮಾಂಸ ಮುಟ್ಟದೆ ಮೊಟ್ಟೆ ಮಾತ್ರ ತಿನ್ನುವವರು ದಯವಿಟ್ಟು ಇದನ್ನು ಎರಡು ಸಲ ಓದಿ.

ಪರಿಹಾರ ಸುಲಭ. ಆಡಿಯೊ ಕೇಳುತ್ತಾ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಿಂದ ಕನ್ನಡದಲ್ಲೇ ಬರೆದುಕೊಳ್ಳಿ. ಇಂಗ್ಲಿಷ್‌ನವರಿಗೆ ಥಾಯ್ ‘ಪ’ ದೊಡ್ಡ ತಲೆನೋವು. ‘ಬ’ ಮತ್ತು ‘ಪ’ ನಡುವಿನ ಶಬ್ದ ಅಂತ ಪುಸ್ತಕಗಳು ಕಷ್ಟಪಟ್ಟು ವಿವರಿಸುತ್ತವೆ. ನಮಗೆ ಅದು ಬರೀ ‘ಪ’. ಅದರ ಪಕ್ಕದಲ್ಲಿ ಉಸಿರು ಬಿಟ್ಟ ‘ಫ’, ಆಮೇಲೆ ‘ಬ’. ಸ್ವರದ ಹ್ರಸ್ವ ದೀರ್ಘವೂ ಕನ್ನಡದಲ್ಲಿ ಸರಿಯಾಗಿ ಕೂರುತ್ತದೆ. ಎಚ್ಚರ ಬೇಕಿರುವುದು ಎರಡು ಕಡೆ. ‘ಫುಕೆಟ್’ ಅಂತ ಬರೆದು ನಾವು ‘ಫ್ಯಾನ್’ನ ಫ ಹಚ್ಚಿ ಓದುತ್ತೇವೆ, ಅದು ‘ಪ’ದ ಮಹಾಪ್ರಾಣ. ಇನ್ನೊಂದು, ಮಾತಿನಲ್ಲಿ ಮಹಾಪ್ರಾಣ ನುಂಗುವ ನಮ್ಮ ಅಭ್ಯಾಸ. ‘ಬಾರತ’ ಅಂದರೆ ಊರಲ್ಲಿ ನಡೆಯುತ್ತದೆ, ಥಾಯ್‌ನಲ್ಲಿ ಅರ್ಥವೇ ಬದಲಾಗುತ್ತದೆ.

ಬೋರ್ಡುಗಳ ಮೇಲೆ ಕಾಣುವ ಸರ್ಕಾರಿ ಇಂಗ್ಲಿಷ್ ಕಾಗುಣಿತವನ್ನಂತೂ ಕಲಿಕೆಗೆ ನಂಬಲೇಬೇಡಿ. ಅದರಲ್ಲಿ ಟೋನ್ ಗುರುತಿಲ್ಲ, ಹ್ರಸ್ವ ದೀರ್ಘವೂ ಇಲ್ಲ. ಅನ್ನ, ಸುದ್ದಿ, ಬಿಳಿ ಬಣ್ಣ, ಬೆಟ್ಟ, ಮೊಣಕಾಲು, ‘ಒಳಗೆ ಬಾ’ ಅನ್ನುವಾಗಿನ ‘ಒಳಗೆ’, ಈ ಆರಕ್ಕೂ ಆ ಪದ್ಧತಿಯಲ್ಲಿ ಒಂದೇ ಸ್ಪೆಲಿಂಗ್.

ಹಾಗಾದರೆ ಲಿಪಿ ಕಲಿಯಬೇಕಾ? ಹೌದು, ಅದೂ ಮೊದಲ ವಾರದಿಂದಲೇ. ನನ್ನ ತಕರಾರು ಇರುವುದು ಇಲ್ಲೇ. 44 ವ್ಯಂಜನ, ಮೂರು ಗುಂಪು, ಐದು ಟೋನ್, ನಾಲ್ಕು ಟೋನ್ ಗುರುತು ಅಂತ ಪುಸ್ತಕಗಳು ಹೆದರಿಸುತ್ತವೆ. ಯಾವ ಅಕ್ಷರ ಯಾವ ಗುಂಪಿಗೆ ಅನ್ನೋದನ್ನು ಬಣ್ಣದ ಕಾರ್ಡು ಇಟ್ಟುಕೊಂಡು ಬಾಯಿಪಾಠ ಮಾಡಿ ಅನ್ನುತ್ತವೆ. ನಮಗೆ ಅದರ ಅಗತ್ಯ ಇಲ್ಲ. ಥಾಯ್ ಅಕ್ಷರಮಾಲೆ ನಮ್ಮ ಕ ಖ ಗ ಘ ಙ ಕ್ರಮದಲ್ಲೇ ಸಾಗುತ್ತದೆ. ವರ್ಗದ ಮೊದಲ ಅಕ್ಷರಗಳು, ಅಂದರೆ ಕ ಚ ಟ ತ ಪ, ಮಧ್ಯಮ ಗುಂಪು. ಎರಡನೆಯವು, ಖ ಛ ಠ ಥ ಫ, ಮೇಲಿನ ಗುಂಪು. ಮೂರು, ನಾಲ್ಕು, ಐದನೆಯವು ಕೆಳಗಿನ ಗುಂಪು. ಶ ಷ ಸ ಹ ಮೇಲಿನದಕ್ಕೆ, ಯ ರ ಲ ವ ಕೆಳಗಿನದಕ್ಕೆ. ಥಾಯ್‌ನವರು ತಮಗಾಗಿ ಸೇರಿಸಿಕೊಂಡ ಕೆಲವು ಅಕ್ಷರಗಳನ್ನು ಮಾತ್ರ ಬೇರೆ ನೆನಪಿಟ್ಟುಕೊಳ್ಳಬೇಕು. ನಮ್ಮ ‘ಳ’ಕ್ಕೂ ಅಲ್ಲಿ ಒಂದು ಅಕ್ಷರ ಇದೆ, ಆದರೆ ಓದುವುದು ‘ಲ’ ಅಂತ. ಚುಲಾಲಾಂಗ್‌ಕಾರ್ನ್ ವಿಶ್ವವಿದ್ಯಾಲಯದ ಹೆಸರಿನಲ್ಲಿ ಅದು ಕಾಣಸಿಗುತ್ತದೆ.

ಒಂದು ತಿರುವು ಇದೆ. ವರ್ಗದ ಮೂರನೇ, ನಾಲ್ಕನೇ ಅಕ್ಷರಗಳನ್ನು ಥಾಯ್‌ನವರು ಎರಡನೆಯದರ ಹಾಗೆ ಓದುತ್ತಾರೆ. ಗ, ಘ ಇರಬೇಕಾದ ಜಾಗದಲ್ಲಿರುವ ಅಕ್ಷರಗಳ ಉಚ್ಚಾರವೂ ‘ಖ’ ಅಂತಲೇ. ಮತ್ತೆ ಬೇರೆ ಬೇರೆ ಅಕ್ಷರ ಯಾಕೆ ಅಂದರೆ, ಅಕ್ಷರದ ಗುಂಪು ಟೋನ್ ಹೇಳುತ್ತದೆ. ದೀರ್ಘ ಸ್ವರದಲ್ಲಿ ಮುಗಿಯುವ, ಟೋನ್ ಗುರುತಿಲ್ಲದ ಪದ ಮೇಲಿನ ಗುಂಪಿನದಾದರೆ ದನಿ ಏರುತ್ತದೆ, ಉಳಿದೆರಡು ಗುಂಪಿನದಾದರೆ ಸಮವಾಗಿರುತ್ತದೆ. ಇಷ್ಟು ಗೊತ್ತಾದ ಮೇಲೆ ಟೋನ್ ನಿಯಮದ ಕೋಷ್ಟಕ ಅರ್ಧಕ್ಕರ್ಧ ಹಗುರ. ಪ್ರೈಮರಿ ಸ್ಕೂಲಿನಲ್ಲಿ ಹೇಳಿಸಿದ ವರ್ಣಮಾಲೆ ಇಷ್ಟು ದೂರ ಕೆಲಸಕ್ಕೆ ಬರುತ್ತದೆ ಅಂತ ಯಾರು ಅಂದುಕೊಂಡಿದ್ದರು, ಅಲ್ವಾ?

ಸ್ಪೆಲಿಂಗ್‌ನಲ್ಲೂ ಇದೇ ಲಾಭ. ಸೋಮವಾರಕ್ಕೆ ‘ವನ್ ಚನ್’ ಅನ್ನುತ್ತಾರೆ, ಬರೆಯುವಾಗ ಮಾತ್ರ ‘ಚಂದ್ರ’ದ ದ, ರ ಎರಡೂ ಉಳಿದಿರುತ್ತವೆ. ಶುಕ್ರವಾರದ ‘ಸುಕ್’ನಲ್ಲಿ ಶುಕ್ರನ ರಕಾರ ಸುಮ್ಮನೆ ಕೂತಿರುತ್ತದೆ. ಬೇರೆಯವರು ಇಂಥ ಮೌನ ಅಕ್ಷರಗಳನ್ನು ಶಾಪ ಹಾಕುತ್ತಾ ಕಲಿಯುತ್ತಾರೆ.

ವ್ಯಾಕರಣಕ್ಕೆ ಡೇವಿಡ್ ಸ್ಮಿತ್ ಅವರ ‘ಥಾಯ್: ಆ್ಯನ್ ಎಸೆನ್ಷಿಯಲ್ ಗ್ರಾಮರ್’ ಒಂದೇ ಸಾಕು. ಅಭ್ಯಾಸಗಳಿಲ್ಲ, ಅದು ಪಾಠದ ಪುಸ್ತಕ ಅಲ್ಲ. ಸಂಶಯ ಬಂದಾಗ ತೆಗೆದು ನೋಡಲು ಇರುವುದು. ಕ್ರಿಯಾಪದಕ್ಕೆ ಲಿಂಗ, ವಚನ, ಕಾಲ ಯಾವುದರ ಪ್ರತ್ಯಯವೂ ಇಲ್ಲದ ಭಾಷೆಯಲ್ಲಿ ‘ಆಗಿದೆ’, ‘ಆಗುತ್ತಿದೆ’ ಎಲ್ಲವನ್ನೂ ಹೇಗೆ ಹೇಳುತ್ತಾರೆ ಅನ್ನೋದು ಇದರಲ್ಲಿ ಸ್ಪಷ್ಟವಾಗಿದೆ. ಶುರುವಿನಲ್ಲೇ ಕೊಳ್ಳಬೇಡಿ, ಆರು ತಿಂಗಳಾದ ಮೇಲೆ ಬೇಕಾಗುತ್ತದೆ.

ಆನ್‌ಲೈನ್ ನಿಘಂಟಿಗೆ ಥಾಯ್-ಲ್ಯಾಂಗ್ವೇಜ್ ಡಾಟ್ ಕಾಮ್. ನೋಡಲು ಹಳೇ ಕಾಲದ ಸೈಟು, ಆದರೆ ಪುಕ್ಕಟೆ, ಮತ್ತು ಎಷ್ಟೋ ಪದಗಳಿಗೆ ಮನುಷ್ಯರದ್ದೇ ದನಿಯ ರೆಕಾರ್ಡಿಂಗ್ ಇದೆ. ಥಾಯ್ ಬರಹದಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ. ಎಲ್ಲಿ ಒಂದು ಪದ ಮುಗಿಯಿತು ಅಂತ ಹೊಸಬರಿಗೆ ತಿಳಿಯದು. ಈ ಸೈಟಿಗೆ ಇಡೀ ವಾಕ್ಯ ಅಂಟಿಸಿದರೆ ಬಿಡಿಸಿ ತೋರಿಸುತ್ತದೆ. ನಾನು ಜಾಸ್ತಿ ಬಳಸಿದ್ದು ಇದನ್ನೇ. ಫೋನಿನಲ್ಲಿ ಇಂಟರ್‌ನೆಟ್ ಇಲ್ಲದೆ ನಡೆಯುವ ನಿಘಂಟು ಬೇಕಿದ್ದರೆ ‘ಥಾಯ್ ಫಾರ್ ಬಿಗಿನರ್ಸ್’ ಹೊರತಂದ ಪೈಬೂನ್ ಪ್ರಕಾಶನದವರ ಆ್ಯಪ್ ಇದೆ. ದುಡ್ಡು ಕೊಡಬೇಕು, ಕೊಟ್ಟದ್ದಕ್ಕೆ ಮೋಸ ಇಲ್ಲ.

ಆ್ಯಪ್‌ಗಳ ಬಗ್ಗೆ ಜಾಸ್ತಿ ಹೇಳಲು ಏನೂ ಇಲ್ಲ. ನಾನು ಶುರುಮಾಡಿದಾಗ ಡ್ಯುಯೊಲಿಂಗೊದಲ್ಲಿ ಥಾಯ್ ಕೋರ್ಸೇ ಇರಲಿಲ್ಲ. ಪಿಮ್ಸ್ಲರ್‌ನಲ್ಲಿ ಅರ್ಧ ಗಂಟೆಯ 30 ಪಾಠ ಇವೆ, ರೈಲಿನಲ್ಲಿ ಓಡಾಡುವಾಗ ಕೇಳಿ ಬಾಯಿ ತಿರುಗಿಸಲು ಒಳ್ಳೆಯದು. ವರ್ಷದ ಚಂದಾ ಕಟ್ಟಿದ ಮತ್ತೊಂದು ಆ್ಯಪ್ ಟೋನ್ ತಪ್ಪಿದರೂ ‘ಶಭಾಷ್’ ಅನ್ನುತ್ತಿತ್ತು. ಚಂದಾ ಹೇಳದೆ ಕೇಳದೆ ಮುಂದಿನ ವರ್ಷಕ್ಕೂ ಕಟ್ ಆಯಿತು. ಅಂಥವುಗಳಲ್ಲಿ ಆಟೊ ರಿನ್ಯೂವಲ್ ಮೊದಲ ದಿನವೇ ತೆಗೆದುಹಾಕಿ.

ಕೇಳುವ ಅಭ್ಯಾಸಕ್ಕೆ ಯೂಟ್ಯೂಬ್‌ನ ‘ಕಾಂಪ್ರಿಹೆನ್ಸಿಬಲ್ ಥಾಯ್’ ಚಾನೆಲ್‌ಗೆ ಸಮ ಇಲ್ಲ. ಇದರ ಬೇರು ಬ್ಯಾಂಕಾಕ್‌ನ ಎಯುಎ ಭಾಷಾ ಕೇಂದ್ರದಲ್ಲಿದೆ. ಅಲ್ಲಿ ಮಾರ್ವಿನ್ ಬ್ರೌನ್ ಅನ್ನುವ ಭಾಷಾತಜ್ಞರು 1980ರ ದಶಕದಲ್ಲಿ, ಮಕ್ಕಳು ಕಲಿಯುವ ಹಾಗೆ ಬರೀ ಕೇಳಿ ಕಲಿಯುವ ಪದ್ಧತಿ ತಂದರು. ಟೀಚರ್ ಬೋರ್ಡಿನ ಮೇಲೆ ಚಿತ್ರ ಬಿಡಿಸುತ್ತಾ, ಕೈಸನ್ನೆ ಮಾಡುತ್ತಾ ಥಾಯ್‌ನಲ್ಲೇ ಮಾತಾಡುತ್ತಾರೆ. ಇಂಗ್ಲಿಷ್ ಇಲ್ಲ, ವ್ಯಾಕರಣ ಇಲ್ಲ. ನೂರಾರು ಗಂಟೆ ಕೇಳುವ ತನಕ ಬಾಯಿ ಬಿಡಬೇಡಿ ಅನ್ನುವುದು ಈ ಪದ್ಧತಿಯ ಕಟ್ಟುನಿಟ್ಟು. ಅದನ್ನು ನಾನು ಒಪ್ಪುವುದಿಲ್ಲ. ಮಾರ್ಕೆಟ್‌ಗೆ ಹೋಗಿ ಸೊಪ್ಪು ಕೊಳ್ಳಬೇಕಾದವರು ನೂರಾರು ಗಂಟೆ ಸುಮ್ಮನಿರಲು ಆಗುತ್ತದೆಯೇ? ಆದರೆ ಕಿವಿ ಪಳಗುವುದು ನಿಜ. ಗಂಡಸರು ಮರ್ಯಾದೆಗೆ ಮಾತಿನ ಕೊನೆಗೆ ಸೇರಿಸುವ ಪದ ಪುಸ್ತಕದ ಆಡಿಯೊದಲ್ಲಿ ‘ಖ್ರಪ್’ ಅಂತ ಸ್ಪಷ್ಟವಾಗಿ ಕೇಳುವುದು ಬೀದಿಯಲ್ಲಿ ‘ಖಪ್’ ಆಗಿರುತ್ತದೆ, ಎಷ್ಟೋ ರಕಾರಗಳು ಲಕಾರ ಆಗಿರುತ್ತವೆ. ಇದು ಕೇಳಿ ಕೇಳಿಯೇ ಬರಬೇಕು.

ಪುಕ್ಕಟೆ ಬೇಕು, ಹಳೆಯದಾದರೂ ಪರವಾಗಿಲ್ಲ ಅನ್ನುವವರಿಗೆ ಅಮೆರಿಕದ ಫಾರಿನ್ ಸರ್ವೀಸ್ ಇನ್‌ಸ್ಟಿಟ್ಯೂಟ್ ತನ್ನ ರಾಯಭಾರಿ ಕಚೇರಿಯವರಿಗಾಗಿ ಮಾಡಿಸಿದ ಥಾಯ್ ಕೋರ್ಸ್ ಇದೆ. ಟೈಪ್‌ರೈಟರ್ ಪುಟಗಳು, ಗೊರಗೊರ ಆಡಿಯೊ. ಒಂದೇ ವಾಕ್ಯವನ್ನು ಪದ ಬದಲಿಸಿ ಬದಲಿಸಿ ಹೇಳಿಸುತ್ತಾರೆ. ಬೇಜಾರು, ಆದರೆ ವಾಕ್ಯ ನಾಲಿಗೆಗೆ ಹತ್ತುತ್ತದೆ.

ಅಕ್ಷರ ಕೂಡಿಸಿ ಓದಲು ಬಂದ ಮೇಲೆ ‘ಮಾನೀ ಮಾನ’ ಪಾಠಗಳನ್ನು ಹುಡುಕಿ. 1978ರಿಂದ 1994ರವರೆಗೆ ಅಲ್ಲಿನ ಪ್ರೈಮರಿ ಶಾಲೆಗಳಲ್ಲಿದ್ದ ಪಠ್ಯ ಇದು. ಸಣ್ಣ ಪದಗಳು, ಚಿತ್ರಗಳು, ಹಳ್ಳಿಯ ಮಕ್ಕಳು, ಒಂದು ನಾಯಿ, ಒಂದು ಕುದುರೆ. ಇವತ್ತು ನಡುವಯಸ್ಸಿನಲ್ಲಿರುವ ಥಾಯ್ ಸಹೋದ್ಯೋಗಿಗಳ ಹತ್ತಿರ ಇದರ ಹೆಸರು ಹೇಳಿ ನೋಡಿ, ಹಳೇ ಕಥೆ ಶುರುವಾಗುತ್ತದೆ. ಪುಕ್ಕಟೆ ಸಂಭಾಷಣೆ ಕ್ಲಾಸ್!

ಬ್ಯಾಂಕಾಕ್‌ಗೆ ಬರುವವರಿದ್ದರೆ ಪುಸ್ತಕಗಳನ್ನು ಸಿಯಾಮ್ ಪ್ಯಾರಗಾನ್‌ನ ಕಿನೊಕುನಿಯಾ ಅಂಗಡಿಯಲ್ಲಿ ನಿಂತು ತಿರುವಿ ನೋಡಿ ಕೊಳ್ಳಿ. ಬೆಂಗಳೂರಿನಿಂದಲೇ ತರಿಸುವವರು ಆಡಿಯೊ ಸಿ.ಡಿ.ಯಲ್ಲಿದೆಯೋ ಡೌನ್‌ಲೋಡ್ ಕೊಡುತ್ತಾರೋ ಅಂತ ಮೊದಲೇ ನೋಡಿಕೊಳ್ಳಿ. ಹಳೇ ಮುದ್ರಣದ ಜೊತೆ ಬರುವ ಸಿ.ಡಿ. ಹಾಕಲು ಈಗ ಯಾರ ಮನೆಯಲ್ಲೂ ಡ್ರೈವ್ ಇಲ್ಲ.