ಕೊಡಗಿನ ಮೂರು ಹೊಳೆ ದಾರಿ: ಗ್ರಾವೆಲ್ ಸೈಕಲ್‌ಗೆ ಯಾವುದು ಒಗ್ಗುತ್ತೆ?

ಗ್ರಾವೆಲ್ ಸೈಕಲ್ (ಮಣ್ಣು, ಜಲ್ಲಿ ದಾರಿಗೂ ಒಗ್ಗುವ ಸೈಕಲ್) ತಗೊಂಡು ಕೊಡಗಿಗೆ ಬರ್ತೀನಿ ಅಂತ ಯಾರೇ ಹೇಳಲಿ, ಮುಂದಿನ ಮಾತು ಮಾಂದಲ್‌ಪಟ್ಟಿ ಬೆಟ್ಟದ್ದೇ. ಅಲ್ಲಿ ಫೋಟೋ ಚೆನ್ನಾಗಿ ಬರುತ್ತೆ, ಒಪ್ಪುತ್ತೇನೆ. ಆದರೆ ಫೋಟೋ ತೆಗೆಯೋದು ಬೇರೆ, ಸೈಕಲ್ ತುಳಿಯೋದು ಬೇರೆ ಅಲ್ವಾ? ಮೂರು ಕಡೆಯೂ ತುಳಿದು ನೋಡಿದ ಮೇಲೆ ನನ್ನ ಅಭಿಪ್ರಾಯ ಇಷ್ಟೇ: ಬೆಟ್ಟದ ತುದಿಯ ಆಸೆ ಬಿಟ್ಟು ಹೊಳೆಯ ಬದಿ ಹಿಡಿಯಿರಿ. ಅದರಲ್ಲೂ ನಾಪೋಕ್ಲು ಕಡೆಯ ಹೊಳೆಯ ಬದಿ.

ಮೊದಲು ಸೈಕಲ್ ವಿಷಯ. ನನ್ನದಕ್ಕೆ 40 ಮಿಲಿಮೀಟರ್ ಟ್ಯೂಬ್‌ಲೆಸ್ ಟೈರ್, ಡಿಸ್ಕ್ ಬ್ರೇಕ್. ಮುಂದೆ 40 ಹಲ್ಲಿನ ಒಂದೇ ಚಕ್ರ, ಹಿಂದಿನ ದೊಡ್ಡ ಗೇರಿಗೆ 42 ಹಲ್ಲು. ದಪ್ಪ ಟೈರಿನ, ಸಸ್ಪೆನ್ಶನ್ ಇರುವ ಮೌಂಟನ್ ಬೈಕ್ ನಿಮ್ಮದಾದರೆ ನಾನು ಹೇಳುವ ಕೆಲವು ಮಾತು ನಿಮಗೆ ಅನ್ವಯಿಸುವುದಿಲ್ಲ.

ದಾರಿಗಳು ಇವು. ಒಂದು, ಮೂರ್ನಾಡಿನಿಂದ ಬಲಮುರಿ, ಪಾರಾಣೆ ಕಡೆಯಿಂದ ನಾಪೋಕ್ಲು, ಅಲ್ಲಿಂದ ಮೇಲೆ ಕಕ್ಕಬ್ಬೆ. ಇದು ಕಾವೇರಿ ಮತ್ತು ಕಕ್ಕಬ್ಬೆ ಹೊಳೆಯ ಕಣಿವೆ. ಎರಡು, ಮಾದಾಪುರದಿಂದ ಹಟ್ಟಿಹೊಳೆ, ಮುಕ್ಕೋಡ್ಲು, ಹಾಗೇ ಮಾಂದಲ್‌ಪಟ್ಟಿ. ಇಲ್ಲಿನ ನೀರೆಲ್ಲ ಹಾರಂಗಿಗೆ ಇಳಿಯುತ್ತದೆ. ಮೂರು, ಸಿದ್ದಾಪುರ, ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿ ಸುತ್ತ, ಕೆಳಗೆ ನಂಜರಾಯಪಟ್ಟಣದವರೆಗೆ. ಅದೂ ಕಾವೇರಿಯೇ, ಆದರೆ ಅಗಲವಾಗಿ, ನಿಧಾನವಾಗಿ ಹರಿಯುವ ಕಾವೇರಿ. ತಲಕಾವೇರಿ ದಾರಿಯನ್ನು ಸೇರಿಸಿಲ್ಲ. ಅದು ಟಾರು ರಸ್ತೆ, ಬಸ್ಸು ಕಾರು ಜಾಸ್ತಿ, ಅದಕ್ಕೆ ರೋಡ್ ಸೈಕಲ್ ಸಾಕು.

ಏರು ಹೇಗಿದೆ ಅನ್ನೋದರಲ್ಲೇ ಮೂರೂ ಬೇರೆಯಾಗುತ್ತವೆ. ಕೊಡಗಿನಲ್ಲಿ ತಗ್ಗಿನಲ್ಲಿ ಗದ್ದೆ, ಇಳಿಜಾರಿನಲ್ಲಿ ಕಾಫಿ ತೋಟ, ಇವೆರಡೂ ಸೇರುವ ಅಂಚಿನಲ್ಲಿ ಮನೆ. ಹಳೇ ಮಣ್ಣು ದಾರಿಗಳು ಈ ಅಂಚನ್ನೇ ಹಿಡಿದು ಹೋಗುತ್ತವೆ. ಹಾಗಾಗಿ ಪಾರಾಣೆ, ನಾಪೋಕ್ಲು ಕಡೆ ಗದ್ದೆ ಎಡಕ್ಕೆ, ತೋಟ ಬಲಕ್ಕೆ ಇಟ್ಟುಕೊಂಡು ಎಷ್ಟೋ ದೂರ ಸಮತಟ್ಟಾಗಿ ತುಳಿಯಬಹುದು. ನಡುನಡುವೆ ಒಂದು ಚಿಕ್ಕ ಏರು, ಒಂದು ಸೇತುವೆ, ಮತ್ತೆ ಗದ್ದೆ. ಕೆಲವು ಕಡೆ ದಾರಿ ಹಳೇ ಕಡಂಗದೊಳಗೆ ಇಳಿದು ಆಚೆ ಹತ್ತುತ್ತದೆ. ಹಿಂದೆ ಗಡಿಗೂ ಯುದ್ಧಕ್ಕೂ ಅಂತ ತೋಡಿದ ಆಳದ ಕಂದಕಗಳು ಇವು. ಎರಡೂ ಬದಿ ಮಣ್ಣಿನ ಗೋಡೆ, ಮೇಲೆ ಮರ, ಒಳಗೆ ತಂಪು. ಇಳಿದ ವೇಗದಲ್ಲೇ ಆಚೆ ಹತ್ತಿಬಿಡಬೇಕು, ನಡುವೆ ನಿಂತರೆ ತಳ್ಳುವುದೇ ಗತಿ.

ಹಟ್ಟಿಹೊಳೆ ಕಡೆ ಈ ಅಂಚು ಸಿಗುವುದು ಕಡಿಮೆ. ಕಣಿವೆ ಕಿರಿದು, ದಾರಿ ಹೊಳೆ ದಾಟಿದ ತಕ್ಷಣ ಗುಡ್ಡ ಹತ್ತುತ್ತದೆ. ಇನ್ನು ಮೇಲಿನ ಜೀಪ್ ದಾರಿಯಲ್ಲಿ ಮುಷ್ಟಿ ಗಾತ್ರದ ಕಲ್ಲುಗಳು ಸಡಿಲವಾಗಿ ಬಿದ್ದಿರುತ್ತವೆ. ಹಿಂದಿನ ಚಕ್ರ ಅಲ್ಲೇ ತಿರುಗುತ್ತದೆ, ಸೈಕಲ್ ಮುಂದೆ ಹೋಗುವುದಿಲ್ಲ. ಮಾಂದಲ್‌ಪಟ್ಟಿ 1,600 ಮೀಟರ್ ಆಸುಪಾಸಿನ ಎತ್ತರದಲ್ಲಿದೆ. ಕೊನೆಯ ಭಾಗವನ್ನು ನಾನು ತುಳಿದಿದ್ದಕ್ಕಿಂತ ತಳ್ಳಿದ್ದೇ ಜಾಸ್ತಿ. ಜೊತೆಗೆ ಸೂರ್ಯೋದಯ ನೋಡಲು ಹೋದ ಜೀಪುಗಳು ಇಳಿಯುವ ಹೊತ್ತಿಗೆ ನಾವು ಹತ್ತುತ್ತಿರುತ್ತೇವೆ. ಪ್ರತಿ ತಿರುವಿನಲ್ಲೂ ಪಕ್ಕಕ್ಕೆ ನಿಂತು ಧೂಳು ಕುಡಿಯಬೇಕು. ಮೇಲೆ ಪುಷ್ಪಗಿರಿ ಅಭಯಾರಣ್ಯದ ಕಾಡಿದೆ. ಸೈಕಲ್ ಬಿಡುತ್ತಾರಾ ಅಂತ ಚೆಕ್‌ಪೋಸ್ಟ್‌ನಲ್ಲಿ ಕೇಳಿಕೊಂಡೇ ಮುಂದೆ ಹೋಗಿ.

ಹಾಗಂತ ಆ ಕಡೆ ಹೋಗಲೇಬೇಡಿ ಅನ್ನುತ್ತಿಲ್ಲ. ಹಟ್ಟಿಹೊಳೆಯಿಂದ ಮುಕ್ಕೋಡ್ಲುವರೆಗೆ ಹೋಗಿ ವಾಪಸ್ ಬಂದರೆ ಒಳ್ಳೆಯ ಅರ್ಧ ದಿನ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮನೆ, ತೋಟ, ರಸ್ತೆ ಎಲ್ಲ ಕೊಚ್ಚಿಹೋದ ಸೀಮೆ ಇದು. ಮಳೆಗಾಲದಲ್ಲಿ ಮಾತ್ರ ಇಲ್ಲಿಗೆ ಸೈಕಲ್ ತರುವ ಮಾತೇ ಬೇಡ.

ಮೂರರಲ್ಲಿ ಸಿದ್ದಾಪುರದ ಕಡೆಯ ನೆಲವೇ ಎಲ್ಲಕ್ಕಿಂತ ಸುಲಭ. ಹೊಸಬರನ್ನು ಕರೆದುಕೊಂಡು ಹೋಗಲು ಇದೇ ಸರಿ ಅಂತ ಅನ್ನಿಸುತ್ತದೆ. ದೊಡ್ಡ ದೊಡ್ಡ ಎಸ್ಟೇಟುಗಳು, ನಡುವೆ ಅಗಲವಾದ ಗಟ್ಟಿ ಮಣ್ಣು ದಾರಿ, ಸಿಲ್ವರ್ ಓಕ್ ನೆರಳು, ಪಕ್ಕದಲ್ಲಿ ಹೊಳೆ. ತೊಂದರೆ ಒಂದೇ, ಆನೆ. ಸೈಕಲ್ ತುಳಿಯುವವರಿಗೆ ಯಾವ ಹೊತ್ತು ಇಷ್ಟವೋ ಆನೆಗೂ ಅದೇ ಹೊತ್ತು. ರಾತ್ರಿ ತೋಟಕ್ಕೆ ಇಳಿದದ್ದು ಬೆಳಗಿನ ಮಂಜಿನಲ್ಲಿ ಕಾಡಿಗೆ ವಾಪಸ್ ಹೋಗುತ್ತಿರುತ್ತದೆ. ಕೆಲವು ಆನೆಗಳಂತೂ ಕಾಡಿಗೆ ಹೋಗುವುದೇ ಇಲ್ಲ, ಹಗಲಿಡೀ ಕಾಫಿ ಗಿಡಗಳ ನಡುವೆಯೇ ನಿಂತಿರುತ್ತವೆ. ಆಳೆತ್ತರದ ರೋಬಸ್ಟಾ ಕಾಫಿ ಗಿಡಗಳ ನಡುವೆ ಆನೆ ಹತ್ತು ಮಾರು ದೂರದಲ್ಲಿ ನಿಂತರೂ ಕಾಣುವುದಿಲ್ಲ. ಸೈಕಲ್ಲಿಗೆ ಸದ್ದಿಲ್ಲ, ಹಾಗಾಗಿ ನಾವು ಬರುವುದು ಅದಕ್ಕೂ ಗೊತ್ತಾಗುವುದಿಲ್ಲ. ಹಲಸು ಹಣ್ಣಾಗುವ ಕಾಲದಲ್ಲಿ ಆನೆ ಕಾಟ ಇನ್ನೂ ಜಾಸ್ತಿ.

ಹಾಗಾಗಿ ಇಲ್ಲಿ ನನ್ನ ನಿಯಮ: ಬೆಳಿಗ್ಗೆ ಎಂಟೂವರೆಯ ಮೊದಲು ಹೊರಡುವುದಿಲ್ಲ, ಸಂಜೆ ನಾಲ್ಕರ ನಂತರ ತೋಟದ ದಾರಿಯಲ್ಲಿ ಇರುವುದಿಲ್ಲ. ಹೊರಡುವ ಮೊದಲು ಟೀ ಅಂಗಡಿಯಲ್ಲಿ ಕೇಳುತ್ತೇನೆ. "ಇವತ್ತು ಆ ಕಡೆ ಕೆಲಸಕ್ಕೆ ಆಳು ಬಿಟ್ಟಿಲ್ಲ" ಅಂತ ಯಾರಾದರೂ ಹೇಳಿದರೆ ಮುಗಿಯಿತು, ದಾರಿ ಬದಲು. ದಾರಿಯಲ್ಲಿ ಲದ್ದಿ ಕಂಡರೆ, ಅದು ಇನ್ನೂ ಹಸಿಯಾಗಿದ್ದರೆ, ಸುಮ್ನೆ ತಿರುಗಿಸಿ. ಇಷ್ಟೆಲ್ಲ ಲೆಕ್ಕ ಹಾಕಿ ಹೊರಟಾಗ ಬಿಸಿಲು ಏರಿರುತ್ತದೆ. ನೆಲ ಎಷ್ಟೇ ಚೆನ್ನಾಗಿದ್ದರೂ ನನ್ನ ಪಟ್ಟಿಯಲ್ಲಿ ಇದು ಎರಡನೇ ಸ್ಥಾನಕ್ಕೆ ಇಳಿದದ್ದು ಇದರಿಂದಲೇ. ನಾಪೋಕ್ಲು ಕಡೆ ಆನೆ ಇಲ್ಲವೇ ಇಲ್ಲ ಅಂತಲ್ಲ. ಕಾಡಂಚಿಗೆ ಹೋದಂತೆ ಅಲ್ಲೂ ಕೇಳಿಕೊಂಡೇ ಹೋಗಬೇಕು. ಆದರೆ ಗದ್ದೆ ಬಯಲಿನಲ್ಲಿ ದೂರದವರೆಗೆ ಕಾಣುತ್ತದೆ, ಅಷ್ಟು ಧೈರ್ಯ.

ಯಾವ ತಿಂಗಳು ಅಂದರೆ, ನವೆಂಬರಿನಿಂದ ಫೆಬ್ರವರಿ. ಜೂನ್‌ನಿಂದ ಸೆಪ್ಟೆಂಬರ್ ಜಿಗಣೆಗಳ ಕಾಲ. ಬಲಮುರಿ ಕಡೆ ಹೊಳೆ ಉಕ್ಕಿ ರಸ್ತೆಯೇ ಮುಳುಗುತ್ತದೆ. ಕರಡಿಗೋಡು, ಗುಹ್ಯದಲ್ಲಿ 2019ರ ಪ್ರವಾಹಕ್ಕೆ ಮನೆಗಳೇ ಹೋದವು. ಒದ್ದೆ ಕೆಂಪು ಮಣ್ಣು ಟೈರಿಗೂ ಫೋರ್ಕಿಗೂ ನಡುವೆ ರೊಟ್ಟಿ ಹಿಟ್ಟಿನ ಹಾಗೆ ತುಂಬಿಕೊಂಡು ಚಕ್ರವನ್ನೇ ನಿಲ್ಲಿಸುತ್ತದೆ, ಬ್ರೇಕ್ ಪ್ಯಾಡ್ ಬೇಗ ಸವೆಯುತ್ತದೆ. ಬೇಸಿಗೆಯಲ್ಲೂ ಒಂದು ಕಾಟ ಇದೆ. ಫೆಬ್ರವರಿ, ಮಾರ್ಚಿನಲ್ಲಿ ರೋಬಸ್ಟಾ ಹೂ ಬಿಡಲಿ ಅಂತ ತೋಟಗಳಲ್ಲಿ ಸ್ಪ್ರಿಂಕ್ಲರ್ ಹಾಕುತ್ತಾರೆ. ಅದರ ನೀರು ಬೇಲಿ ದಾಟಿ ದಾರಿಗೂ ಬೀಳುತ್ತದೆ. ಒಣ ಧೂಳಿನಲ್ಲಿ ಜೋರಾಗಿ ಬರುತ್ತಿದ್ದವರಿಗೆ ತಿರುವಿನಲ್ಲಿ ಇದ್ದಕ್ಕಿದ್ದಂತೆ ಕೆಸರು. ಟಿಕ್ ಟಿಕ್ ಅನ್ನೋ ಸ್ಪ್ರಿಂಕ್ಲರ್ ಸದ್ದು ಕೇಳಿದರೆ ಬ್ರೇಕ್ ಮೇಲೆ ಕೈ ಇಡಿ. ಆಮೇಲೆ ಒಂದು ವಾರದಲ್ಲಿ ಇಡೀ ತೋಟ ಬೆಳ್ಳಗಾಗಿ ಮಲ್ಲಿಗೆಯಂಥ ವಾಸನೆ ಬರುತ್ತದೆ. ಅದಕ್ಕೋಸ್ಕರ ಕೆಸರನ್ನು ಸಹಿಸಬಹುದು.

ಊಟದಲ್ಲೂ ನಾಪೋಕ್ಲು ದಾರಿಯೇ ಮುಂದೆ. ಅಕ್ಕಿ ರೊಟ್ಟಿ, ಬೆಲ್ಲದ ಕಾಫಿ ಸಿಕ್ಕಿದರೆ ಇನ್ನು 20 ಕಿಲೋಮೀಟರ್ ಧಾರಾಳವಾಗಿ ಎಳೆಯಬಹುದು. ಹಟ್ಟಿಹೊಳೆ ದಾಟಿದ ಮೇಲೆ ಅಂಗಡಿ ಕಡಿಮೆ. ನೀರು, ಬಾಳೆಹಣ್ಣು ಮಾದಾಪುರದಲ್ಲೇ ತುಂಬಿಸಿಕೊಳ್ಳಿ.

ತೋಟದ ದಾರಿ ಅಂದರೆ ಎಷ್ಟೋ ಕಡೆ ಖಾಸಗಿ ಜಾಗ. ಗೇಟ್ ಇದ್ದರೆ ಕೇಳಿ, ತೆರೆದದ್ದನ್ನು ಮುಚ್ಚಿ. ದೇವರಕಾಡಿನೊಳಗೆ ಸೈಕಲ್ ನುಗ್ಗಿಸಬೇಡಿ. ತೋಟದ ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಿರಿ. ಓಡಿಸಿದರೆ ಅದಕ್ಕೂ ಹುರುಪು.

ನಾಪೋಕ್ಲಿನಿಂದ ಕಕ್ಕಬ್ಬೆಗೆ ಸುಮಾರು 15 ಕಿಲೋಮೀಟರ್. ಟಾರು ರಸ್ತೆ ಬಿಟ್ಟು ಗದ್ದೆ ದಾರಿ ಹಿಡಿದರೆ ಇನ್ನಷ್ಟು ಸುತ್ತು. ಕಕ್ಕಬ್ಬೆಯಿಂದ ಮೇಲೆ ನಾಲ್ಕುನಾಡು ಅರಮನೆವರೆಗೆ ಏರು ಕಡಿದು, ಆದರೆ ಚಿಕ್ಕದು, ಗೇರ್ ಇಳಿಸಿಕೊಂಡು ತುಳಿಯಬಹುದು. ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ ಅರಮನೆ ಇದು. ಕೊಡಗಿನ ಕೊನೆಯ ರಾಜ 1834ರಲ್ಲಿ ಬ್ರಿಟಿಷರ ಸೈನ್ಯ ಬಂದಾಗ ಇಲ್ಲೇ ಬಂದು ಸೇರಿಕೊಂಡಿದ್ದ. ಅರಮನೆ ಹಿಂದಿನಿಂದ 1,748 ಮೀಟರಿನ ತಡಿಯಂಡಮೋಳ್ ಬೆಟ್ಟಕ್ಕೆ ದಾರಿ ಹೋಗುತ್ತದೆ. ಅದು ಕಾಲ್ನಡಿಗೆಗೆ, ಸೈಕಲ್ ಇಲ್ಲೇ ನಿಲ್ಲಿಸಿ. ವಾಪಸ್ ಬರುವಾಗ ಕಾಲಲ್ಲಿ ಶಕ್ತಿ ಉಳಿದಿದ್ದರೆ ಚೆಯ್ಯಂಡಾಣೆ ಕಡೆ ತಿರುಗಿ ಚೆಲಾವರ ಜಲಪಾತ ನೋಡಬಹುದು. ಇಲ್ಲದಿದ್ದರೆ ನೇರವಾಗಿ ನಾಪೋಕ್ಲಿಗೆ ಇಳಿಯಿರಿ, ಪೆಡಲ್ ತುಳಿಯುವ ಕೆಲಸ ಕಡಿಮೆ.