ರಟ್ಟೆಗೆ ಕಟ್ಟುವ ಬಿಪಿ ಮಷೀನು: ಐದು ತಿಂಗಳು ಬಳಸಿದ ಡ್ರೈವರನ ಲಾಗ್ ಶೀಟು

ಮೊದಲ ದಿನ ಮಷೀನು ತೋರಿಸಿದ್ದು ಮೇಲೆ 171, ಕೆಳಗೆ 104. ನಮ್ಮ ಮನೆಯಾಕೆ ಸೆರಗು ಸರಿಮಾಡಿಕೊಂಡು ಚಪ್ಪಲಿ ಮೆಟ್ಟಿ ನಿಂತೇಬಿಟ್ಟಳು. "ಏಳ್ರಿ, ಆಟೋ ಕರೀತೀನಿ, ದವಾಖಾನಿಗಿ ಹೋಗೂಣು." ಎರಡನೇ ಸಲ ಕಟ್ಟಿದೆ, 176. ಮೂರನೇ ಸಲ ಗಾಳಿ ತುಂಬುತ್ತಿದ್ದಂತೆ ಪಟ್ಟಿ ಪರ್ ಅಂತ ಬಿಚ್ಚಿಕೊಂಡಿತು, ಎರರ್ ಅಂತ ಬಂತು. ತಪ್ಪು ಎಲ್ಲಿತ್ತು ಅಂತ ಗೊತ್ತಾಗಲಿಕ್ಕೆ ನಾಲ್ಕು ದಿನ ಬೇಕಾಯಿತು. ನನ್ನ ಹಾಗೆ 1,850 ರೂಪಾಯಿ ಕೊಟ್ಟು ಮೊದಲ ದಿನವೇ ಹೆದರಿ ಕೂರುವವರು ಇರಬಹುದು ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು 31 ವರ್ಷ ಬಸ್ ಓಡಿಸಿದವನು. ಸೇರಿದಾಗ ಕೆಎಸ್‌ಆರ್‌ಟಿಸಿ, ನಡುವೆ ಈಶಾನ್ಯ ಸಾರಿಗೆ, ಇಳಿಯುವಾಗ ಕಲ್ಯಾಣ ಕರ್ನಾಟಕ ಸಾರಿಗೆ. ಬೋರ್ಡು ಎರಡು ಸಲ ಬದಲಾಯಿತು, ಸ್ಟೇರಿಂಗ್ ಅದೇ. ಬಹಳ ವರ್ಷ ಸೋಲಾಪುರ ರೂಟು. ಎದೆನೋವಿನ ಮಂದಿ ಇಸಿಜಿ ಫೈಲನ್ನು ಕ್ಯಾರಿಬ್ಯಾಗಿನಲ್ಲಿ ಸುತ್ತಿಕೊಂಡು ಸೋಲಾಪುರದ ಡಾಕ್ಟರ ಹತ್ತಿರ ನನ್ನ ಬಸ್ಸಿನಲ್ಲೇ ಹೋಗುತ್ತಿದ್ದರು. ಈಗ ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ನೆನಪಿಗೆ 371 ಹಾಸಿಗೆ ಇಟ್ಟ ಅದರ ಹೊಸ ಕಟ್ಟಡ 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು. ಅದು ಬೇರೆ ಮಾತು. ನಾನು ಹೇಳಬೇಕಾದದ್ದು ಆಸ್ಪತ್ರೆಗೆ ಹೋಗುವುದಕ್ಕಿಂತ ಮೊದಲಿನದು.

ನನ್ನ ಜೊತೆ ಡ್ಯೂಟಿ ಮಾಡಿದ ಒಬ್ಬ ಡ್ರೈವರು, ನನಗಿಂತ ನಾಲ್ಕು ವರ್ಷ ಚಿಕ್ಕವನು, ಹೋದ ವರ್ಷ ದೀಪಾವಳಿ ಮುಂದೆ ಹೋಗಿಬಿಟ್ಟ. ಎದೆ ಹಿಡಿದಿದೆ ಅಂದಾಗ ಮಿರ್ಚಿ ಭಜಿಯ ಗ್ಯಾಸು ಅಂತ ಸೋಡಾ ಕುಡಿದು ಎರಡು ತಾಸು ಮಲಗಿದ್ದನಂತೆ. ಅವನ ಬಿಪಿ ಎಷ್ಟಿತ್ತು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನ್ನದು ಎಷ್ಟಿತ್ತು ಅಂತ ನನಗೂ ಗೊತ್ತಿರಲಿಲ್ಲ. ಹೈದರಾಬಾದಿನಲ್ಲಿರುವ ಮಗಳು ಫೋನಿನಲ್ಲಿ ಜಗಳ ತೆಗೆದಳು. "ಅಪ್ಪಾ, ಗಾಡಿ ಡ್ಯಾಶ್‌ಬೋರ್ಡಿನ್ಯಾಗ ಏರ್ ಗೇಜ್ ನೋಡಲಾರದ ಎಂದರ ಡಿಪೊದಿಂದ ಗಾಡಿ ಹೊರಗ ತಗದೀರೇನು?" ಡ್ರೈವರನ ಮಗಳು. ಇದಕ್ಕೆ ಉತ್ತರ ಇರಲಿಲ್ಲ. ಏರು ತುಂಬದೆ ಬ್ರೇಕು ಹಿಡಿಯುವುದಿಲ್ಲ, ಗೇಜಿನ ಮುಳ್ಳು ಮೇಲೆ ಬರುವ ತನಕ ಕಾಯಲೇಬೇಕು.

ಸೂಪರ್ ಮಾರ್ಕೆಟ್ ಕಡೆಯ ಒಂದು ಮೆಡಿಕಲ್ ಅಂಗಡಿಯಲ್ಲಿ ತೆಗೆದುಕೊಂಡೆ. ಅಂಗಡಿಯ ಹುಡುಗ ಮೊದಲು ಮಣಿಕಟ್ಟಿಗೆ ಕಟ್ಟುವ ಸಣ್ಣ ಮಷೀನು ತೋರಿಸಿ "ಇದು ಭಾಳ ಹಗುರ ಅದ ಕಾಕಾ" ಅಂದ. ಮಣಿಕಟ್ಟಿನದು ಕೈ ಸ್ವಲ್ಪ ಮೇಲೆ ಕೆಳಗೆ ಆದರೂ ಲೆಕ್ಕ ತಪ್ಪುತ್ತದೆ, ರಟ್ಟೆಯದೇ ತಗೊಳ್ಳಿ ಅಂತ ಮಗಳು ಹೇಳಿ ಕಳಿಸಿದ್ದಳು, ಅದಕ್ಕೆ ಬಚಾವಾದೆ. ಆದರೆ ಪಟ್ಟಿಯ ಅಳತೆ ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಡಬ್ಬಿಯ ಬದಿಯಲ್ಲಿ ಇರುವೆ ಅಕ್ಷರದಲ್ಲಿ 22ರಿಂದ 32 ಸೆಂಟಿಮೀಟರ್ ಅಂತ ಬರೆದಿತ್ತು. ಪವರ್ ಸ್ಟೇರಿಂಗ್ ಇಲ್ಲದ ಕಾಲದಲ್ಲಿ ಬಸ್ ತಿರುಗಿಸಿದ ರಟ್ಟೆ ನನ್ನದು. ದರ್ಜಿಯ ಟೇಪು ಹಿಡಿದು ನೋಡಿದರೆ 35. ಪಟ್ಟಿ ಚಿಕ್ಕದಾದರೆ ಇಲ್ಲದ ಬಿಪಿಯನ್ನೂ ಮಷೀನು ಏರಿಸಿ ತೋರಿಸುತ್ತದೆ, ದೊಡ್ಡದಾದರೆ ಇಳಿಸಿ ತೋರಿಸುತ್ತದೆ. ಅದೇ ಅಂಗಡಿಗೆ ಹೋಗಿ ದೊಡ್ಡ ಪಟ್ಟಿ ಕೇಳಿದರೆ ಸ್ಟಾಕ್ ಇಲ್ಲ. ಐದು ದಿನ ಬಿಟ್ಟು 32ರಿಂದ 42ರ ಪಟ್ಟಿ ತರಿಸಿಕೊಟ್ಟರು, ಮೇಲೆ 650 ರೂಪಾಯಿ. ಹಳೆಯ ಪಟ್ಟಿ ಕಪಾಟು ಸೇರಿತು. ಅದರ ಸುದ್ದಿ ಮುಂದೆ ಬರುತ್ತದೆ.

ಪಟ್ಟಿಯೊಂದೇ ಅಲ್ಲ, ಮೊದಲ ದಿನ ನಾನೂ ಎಲ್ಲ ತಪ್ಪು ಮಾಡಿದ್ದೆ. ಮೆಟ್ಟಿಲು ಹತ್ತಿ ಬಂದು ಉಸಿರು ನಿಲ್ಲುವ ಮೊದಲೇ, ದವಡೆಯಲ್ಲಿ ತಂಬಾಕು ಇಟ್ಟುಕೊಂಡು, ಮಂಚದ ಅಂಚಿಗೆ ಕಾಲು ತೂಗಾಡಿಸುತ್ತ, ಮನೆಯಾಕೆ ಜೊತೆ ಮಾತಾಡುತ್ತ ಬಟನ್ ಒತ್ತಿದ್ದೆ. ಈಗ ನಮ್ಮ ಮನೆಯ ಶಿಸ್ತು ಹೀಗಿದೆ. ಮುಂಜಾನೆ ಗುಳಿಗೆ ಮತ್ತು ನಾಷ್ಟಾಕ್ಕೆ ಮೊದಲು, ಚಹಾ ತಂಬಾಕು ಆಗಿ ಅರ್ಧ ತಾಸು ಕಳೆದಿರಬೇಕು, ಮೂತ್ರಕ್ಕೆ ಹೋಗಿ ಬಂದಿರಬೇಕು. ಬೆನ್ನಿಗೆ ಆನಿಕೆ ಇರುವ ಕುರ್ಚಿ, ಕಾಲು ನೆಲಕ್ಕೆ, ಕಾಲ ಮೇಲೆ ಕಾಲು ಇಲ್ಲ. ಕೈ ಟೇಬಲ್ಲಿನ ಮೇಲೆ, ಪಟ್ಟಿ ಎದೆಯ ಮಟ್ಟಕ್ಕೆ. ಅಂಗಿಯ ತೋಳಿನ ಮೇಲೆ ಕಟ್ಟುವುದಲ್ಲ, ಬರಿ ಮೈಗೆ. ಐದು ಮಿನಿಟು ಬಾಯಿ ಮುಚ್ಚಿ ಕೂರಬೇಕು. ಎಲ್ಲಕ್ಕಿಂತ ಕಷ್ಟ ಇದೇ. ಡ್ರೈವರು ಸುಮ್ಮನಿರಬಹುದು, ಮನೆಯಲ್ಲಿ ಸುಮ್ಮನಿರಗೊಡುವುದಿಲ್ಲ. ಮೊಮ್ಮಗ ಬಂದಾಗ "ಅಜ್ಜಾ, ಎಷ್ಟ್ ಬಂತು?" ಅಂತ ನಡುವೆ ಕೇಳಿದರೆ, "ಇನ್ನಾ ಬರಬೇಕೋ" ಅಂತ ಉತ್ತರಿಸಿದ್ದಕ್ಕೇ ಆರೇಳು ಅಂಕ ಏರಿರುತ್ತದೆ. ಒಂದು ಸಲ ನೋಡಿ, ಒಂದು ಮಿನಿಟು ಬಿಟ್ಟು ಇನ್ನೊಂದು ಸಲ. ಸಂಜೆಯೂ ಹಾಗೇ.

ಹೀಗೆ ಏಳು ದಿನದ ಅಂಕಿ ಬರೆದುಕೊಂಡು ಡಾಕ್ಟರ ಹತ್ತಿರ ಹೋದೆ. ಅವರು ಮೊದಲ ದಿನದ್ದನ್ನು ಅಡ್ಡಗೆರೆ ಹಾಕಿ ತೆಗೆದು ಉಳಿದದ್ದರ ಸರಾಸರಿ ಹಾಕಿದರು: 154ಕ್ಕೆ 94. "ಕಾಕಾ, ನಮ್ಮ ಹತ್ರ 140ಕ್ಕ 90 ದಾಟಿದ್ರ ಜಾಸ್ತಿ ಅಂತೀವಿ. ಮನ್ಯಾಗ ನೋಡ್ಕೊಂಡ್ರ 135ಕ್ಕ 85. ನಿಮ್ಮದು ಎರಡೂ ದಾಟ್ಯದ." ಮಷೀನನ್ನೂ ತರಲು ಹೇಳಿದ್ದರು. ಅವರ ಮಷೀನಿಗೆ ಹೋಲಿಸಿ ನೋಡಿದರೆ ನಾಲ್ಕು ಅಂಕದ ಫರಕು, ಅಷ್ಟು ನಡೆಯುತ್ತದೆ ಅಂದರು. ದಿನಕ್ಕೊಂದು ಗುಳಿಗೆ ಬರೆದರು, ಜೊತೆಗೆ ಉಪ್ಪು, ತಂಬಾಕು, ನಡಿಗೆ. ಈ ಮೂರು ಮಾತು ಯಾವ ಡಾಕ್ಟರೂ ಹೇಳುತ್ತಾರೆ, ಯಾರೂ ಕೇಳುವುದಿಲ್ಲ. ಮಷೀನಿನ ಉಪಕಾರ ನನಗೆ ಕಂಡದ್ದು ಇಲ್ಲಿ.

ತಂಬಾಕು ತಗೊಳ್ಳಿ. ನೈಟ್ ಡ್ಯೂಟಿಯಲ್ಲಿ ನಿದ್ದೆ ತಡೆಯಲಿಕ್ಕೆ ಶುರುವಾದದ್ದು, ರಿಟೈರ್ ಆದಮೇಲೂ ಬಿಟ್ಟಿರಲಿಲ್ಲ. ಸೇದುವುದಿಲ್ಲವಲ್ಲ, ಹೊಗೆ ಎಲ್ಲಿದೆ, ಹೃದಯಕ್ಕೆ ಏನಾಗುತ್ತದೆ ಅಂತ ನನ್ನ ವಾದ. ಒಂದು ದಿನ ಪರೀಕ್ಷೆಗೇ ಇಳಿದೆ. ತಂಬಾಕು ಇಡುವ ಮೊದಲು 136. ಸುಣ್ಣ ತಿಕ್ಕಿ ಇಟ್ಟುಕೊಂಡು ಇಪ್ಪತ್ತು ಮಿನಿಟಿಗೆ 149, ನಾಡಿ 74ರಿಂದ 88. ಮರುದಿನವೂ ಹಾಗೇ, ಮೂರನೇ ದಿನವೂ ಹೆಚ್ಚುಕಡಿಮೆ ಹಾಗೇ. ಹೊಗೆ ಇಲ್ಲದಿದ್ದರೂ ನಿಕೋಟಿನ್ ಒಳಗೆ ಹೋಗಿ ರಕ್ತನಾಳ ಬಿಗಿಯುತ್ತದೆ ಅಂತ ಡಾಕ್ಟರು ಮೊದಲೇ ಹೇಳಿದ್ದರು, ಆಗ ತಲೆಯಾಡಿಸಿ ಬಂದಿದ್ದೆ. ಪರದೆಯ ಮೇಲೆ ಕಂಡಮೇಲೆ ವಾದ ಮಾಡಲಿಕ್ಕೆ ಎದುರಾಳಿಯೇ ಉಳಿಯಲಿಲ್ಲ. ಡಬ್ಬಿಯನ್ನು ಎರಡು ಸಲ ಎಸೆದು, ಎರಡು ಸಲ ಹೊಸದು ತಂದು, ಮೂರನೇ ಸಲಕ್ಕೆ ಬಿಟ್ಟೆ. 97 ದಿನ ಆಯಿತು. ಕಿಸೆಯಲ್ಲಿ ಈಗ ಬಡೇಸೋಪು.

ಉಪ್ಪಿನದು ಉದ್ದ ಕಥೆ. ದಿನಕ್ಕೆ ಒಬ್ಬರಿಗೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚಕ್ಕೂ ಕಡಿಮೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ನಾವು ಎಷ್ಟು ತಿನ್ನುತ್ತೇವೆ ಅಂತ ನೋಡಲಿಕ್ಕೆ ಲೀಟರ್ ಡೀಸೆಲಿಗೆ ಎಷ್ಟು ಕಿಲೋಮೀಟರ್ ಅಂತ ಕೆಎಂಪಿಎಲ್ ತೆಗೆಯುವ ಉಪಾಯವನ್ನೇ ಮಾಡಿದೆ. ಒಂದು ಕಿಲೋ ಉಪ್ಪಿನ ಪಾಕೀಟು ಒಡೆದ ದಿನ ಅದರ ಮೇಲೆ ತಾರೀಖು ಬರೆದೆ. ಮನೆಯಲ್ಲಿ ಇಬ್ಬರೇ. 38 ದಿನಕ್ಕೆ ಖಾಲಿ. ತಲೆಗೆ ದಿನಕ್ಕೆ 13 ಗ್ರಾಂ ಬಿತ್ತು, ಉಪ್ಪಿನಕಾಯಿ, ಹಪ್ಪಳ, ಹೊರಗಿನ ಭಜಿ ಬಿಟ್ಟು. ಮನೆಯಾಕೆಗೆ ಸಿಟ್ಟು. "ನಾ ಏನ್ ಸಮುದ್ರದ ನೀರಿಲೆ ಅಡಗಿ ಮಾಡ್ತೀನೇನ್ರಿ?"

ನಮ್ಮ ಊಟ ಕೆಟ್ಟದ್ದಲ್ಲ, ಈ ಮಾತು ಗಟ್ಟಿಯಾಗಿ ಹೇಳುತ್ತೇನೆ. ಜೋಳದ ರೊಟ್ಟಿಗೆ ಉಪ್ಪೇ ಹಾಕುವುದಿಲ್ಲ. ತೊಗರಿ ಬ್ಯಾಳಿ, ಪುಂಡಿಪಲ್ಯ, ಮಡಕಿಕಾಳು, ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮೊಸರು, ಇವುಗಳಲ್ಲಿ ಹೃದಯಕ್ಕೆ ಬೇಡವಾದದ್ದು ಏನಿದೆ? ಉಪ್ಪು ಬರುವುದು ರೊಟ್ಟಿಯ ಬಾಜೂಕಿನಿಂದ: ಶೇಂಗಾ ಹಿಂಡಿ, ಖಾರ, ಕೆಂಪು ಚಟ್ನಿ, ಉಪ್ಪಿನ ಮೆಣಸಿನಕಾಯಿ, ತಟ್ಟೆಯ ಅಂಚಿಗೆ ಸುಮ್ಮನೆ ಇಡುವ ಉಪ್ಪು. ತಟ್ಟೆ ಅಂಚಿನ ಉಪ್ಪನ್ನು ಮೊದಲು ನಿಲ್ಲಿಸಿದೆವು. ಹಿಂಡಿ ಕುಟ್ಟುವಾಗ ಉಪ್ಪು ಅರ್ಧ ಮಾಡಿ, ಬೆಳ್ಳುಳ್ಳಿ ಹೆಚ್ಚಿಸಿ, ನಿಂಬೆಹಣ್ಣು ಹಿಂಡಿಕೊಳ್ಳುತ್ತೇವೆ. ಮೊದಲ ಹದಿನೈದು ದಿನ ಊಟ ದವಾಖಾನೆಯ ಊಟದಂತಿತ್ತು, ಆಮೇಲೆ ನಾಲಿಗೆ ಒಗ್ಗಿತು. ಈಗ ಮದುವೆ ಮನೆಯ ಸಾರು ಬಾಯಿಗೆ ಉಪ್ಪುಪ್ಪು. ಎರಡನೇ ಪಾಕೀಟು 70 ದಿನ ಬಂತು, ತಲೆಗೆ 7 ಗ್ರಾಂ. ಗುರಿ ಇನ್ನೂ ಮುಟ್ಟಿಲ್ಲ. 'ಕಡಿಮೆ ಸೋಡಿಯಂ' ಅಂತ ಬರೆದ ಉಪ್ಪು ತರಲು ಹೋಗಿದ್ದೆ, ಡಾಕ್ಟರು ಬೇಡ ಅಂದರು. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ನನ್ನ ಗುಳಿಗೆಯೂ ಮೈಯಲ್ಲಿ ಪೊಟ್ಯಾಸಿಯಂ ಉಳಿಸುವ ಜಾತಿಯದು. ಕಿಡ್ನಿ ತೊಂದರೆ ಇದ್ದವರೂ ಕೇಳದೆ ತಿನ್ನಬಾರದಂತೆ.

ನಡಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾರಕ್ಕೆ 150 ಮಿನಿಟು ಬಿರುಸಾಗಿ ನಡೆಯಬೇಕು ಅಂದರು, ಅಪ್ಪನ ಕೆರೆಯ ಸುತ್ತ ವಾರಕ್ಕೆ ಐದು ದಿನ, ಅರ್ಧ ತಾಸು. ಜೊತೆಗೆ ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ವೇಗ. ನಾನು ಮೊದಲೂ ಹಾಡುತ್ತಿರಲಿಲ್ಲ.

ಮೇ ತಿಂಗಳಲ್ಲಿ ಒಂದು ವಿಚಿತ್ರ ಆಯಿತು. ಬಿಸಿಲು ಏರಿದಂತೆ ನನ್ನ ಅಂಕಿ ಇಳಿಯತೊಡಗಿತು: 122, 116, ಒಂದು ಮುಂಜಾನೆ 106. ಹಾಸಿಗೆಯಿಂದ ಎದ್ದರೆ ಕಣ್ಣು ಕತ್ತಲೆ. "ಛಲೋ ಆಯ್ತಲ್ರಿ, ಗುಳಿಗಿ ಬಿಟ್ಟುಬಿಡ್ರಿ" ಅಂತ ಮನೆಯಾಕೆಯ ಸಲಹೆ. ನಾನು ಬಿಡದೆ, ಅಂಕಿ ಬರೆದ ವಹಿ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋದೆ. ಬೇಸಿಗೆಯಲ್ಲಿ ರಕ್ತನಾಳ ಹಿಗ್ಗುತ್ತವೆ, ಬೆವರು ಹೋಗುತ್ತದೆ, ಬಿಪಿ ಇಳಿಯುವುದು ಸಹಜ, ಕಲಬುರಗಿಯ ಬಿಸಿಲಿನಲ್ಲಂತೂ ಕೇಳಬೇಡಿ ಅಂತ ಹೇಳಿ ಗುಳಿಗೆಯ ಪ್ರಮಾಣ ಅರ್ಧ ಮಾಡಿದರು. ಮಳೆ ಬಿದ್ದಮೇಲೆ ಮತ್ತೆ ನೋಡೋಣ ಅಂದಿದ್ದಾರೆ. ವಹಿ ಇಲ್ಲದಿದ್ದರೆ ನಾನು ಗುಳಿಗೆ ಪೂರಾ ಬಿಟ್ಟು, ಜೂನಿನಲ್ಲಿ ಮತ್ತೆ 150ಕ್ಕೆ ಏರಿ ಕೂತಿರುತ್ತಿದ್ದೆ.

ಇನ್ನು ದೂರುಗಳು. ಕೈಪಿಡಿಯಲ್ಲಿ ಕನ್ನಡ ಒಂದು ಸಾಲೂ ಇಲ್ಲ. ಪರದೆಗೆ ಲೈಟ್ ಇಲ್ಲ, ನಸುಕಿನಲ್ಲಿ ಟಾರ್ಚ್ ಹಿಡಿಯಬೇಕು. ಬೀಪ್ ಸದ್ದು ರಿವರ್ಸ್ ಹಾರ್ನಿನ ಹಾಗೆ, ಕಡಿಮೆ ಮಾಡುವ ದಾರಿ ಇಲ್ಲ. ಸೆಲ್ಲು ವೀಕಾದರೆ ಹಾಗಂತ ಹೇಳದೆ ಎರರ್ ಮೇಲೆ ಎರರ್ ಕೊಡುತ್ತದೆ. ಫೋನಿಗೆ ಜೋಡಿಸುವ ಆ್ಯಪ್ ನನ್ನ ಊರು, ನಂಬರು, ಲೊಕೇಶನ್ ಎಲ್ಲ ಕೇಳಿತು, ಬಿಪಿ ಒಂದನ್ನು ಬಿಟ್ಟು. ತೆಗೆದುಹಾಕಿದೆ. ವಹಿಯೇ ಸಾಕು. ಒಂದು ರಾತ್ರಿ ಹೃದಯದ ಗುರುತು ಮಿಣುಕಿ ಮನೆಯವರೆಲ್ಲ ಎದ್ದು ಕೂತೆವು. ನಾಡಿ ತಪ್ಪಿ ಬಡಿಯುತ್ತಿದೆ ಅನ್ನುವ ಸೂಚನೆಯಂತೆ, ಕೈ ಅಲುಗಿಸಿದರೂ ಬರುತ್ತದಂತೆ. ಇಸಿಜಿ ತೆಗೆಸಿದೆ, ಏನೂ ಇರಲಿಲ್ಲ. ಪದೇಪದೇ ಬಂದರೆ ಮಾತ್ರ ಅಸಡ್ಡೆ ಮಾಡಬೇಡಿ ಅಂದರು.

ಅಕ್ಕಪಕ್ಕದವರ ಕಾಟವನ್ನು ದೂರು ಅನ್ನಬೇಕೋ ಬೇಡವೋ ತಿಳಿಯದು. ಸಂಜೆ ನಮ್ಮ ಕಟ್ಟೆಯ ಮೇಲೆ ಪಾಳಿ. ಒಬ್ಬರು ತಹರಿ ತಿಂದು ಕೈ ಒರೆಸಿಕೊಳ್ಳುತ್ತ ಬರುತ್ತಾರೆ, ಇನ್ನೊಬ್ಬರು ಜಗಳ ಮಾಡಿ ನೇರ ಬರುತ್ತಾರೆ. ಅವರಿಗೆ ನಾನು ಹೇಳುವುದು ಒಂದೇ: ಎದೆ ಒತ್ತಿದಂತಾಗಿ, ಎಡಗೈ ಅಥವಾ ದವಡೆಗೆ ನೋವು ಇಳಿದು, ಬೆವರು ಕಿತ್ತು ಬಂದರೆ ನನ್ನ ಕಟ್ಟೆಗೆ ಬರಬೇಡಿ, ಸೋಡಾನೂ ಕುಡಿಯಬೇಡಿ, 108ಕ್ಕೆ ಫೋನ್ ಮಾಡಿ. ಪುನೀತ್ ರಾಜ್‌ಕುಮಾರ್ 2021ರಲ್ಲಿ 46ನೇ ವಯಸ್ಸಿಗೆ ಹೋದಮೇಲೆ ಅವರ ಹೆಸರಿನಲ್ಲೇ ಸರ್ಕಾರ ಹೃದಯ ಜ್ಯೋತಿ ಯೋಜನೆ ಮಾಡಿದೆ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೃದಯಾಘಾತ ಆಗಿದ್ದರೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ನು ಪುಕ್ಕಟೆ ಕೊಡುವುದು. ಆ ಹೊತ್ತಿನಲ್ಲಿ ಬಿಪಿ ನೋಡುತ್ತ ಕೂರುವುದು ಹೊತ್ತುಗೇಡು.

ಮಷೀನಿನ ಇನ್ನೊಂದು ದೋಷ, ಇಬ್ಬರ ಅಂಕಿ ಬೇರೆ ಬೇರೆ ಇಡಲಿಕ್ಕೆ ಒಂದು, ಎರಡು ಅಂತ ಬಟನ್ ಇದೆ. ಅದು ಕೈ ತಗುಲಿದರೆ ಬದಲಾಗುತ್ತದೆ. ಹೋದ ತಿಂಗಳು ನನ್ನ ಲೆಕ್ಕದಲ್ಲಿ 146, 144 ಅಂತ ಕಂಡು ದಿಗಿಲಾಯಿತು. ವಹಿಯಲ್ಲಿ ನೋಡಿದರೆ ಆ ದಿನ ನಾನು ಕಟ್ಟಿಕೊಂಡೇ ಇರಲಿಲ್ಲ. ಮನೆಯಾಕೆ, ನಾನು ಕೆರೆಗೆ ಹೋದಾಗ, ಹೆಂಚು ಇಳಿಸಿ ಬಂದು ಒಬ್ಬಳೇ ಕಟ್ಟಿಕೊಂಡು ನೋಡಿದ್ದಳು. ಅದೂ ನನ್ನ ದೊಡ್ಡ ಪಟ್ಟಿ. ಆಕೆಯ ರಟ್ಟೆ ಅಳೆದರೆ 26. ಸಡಿಲ ಪಟ್ಟಿಯಲ್ಲೇ ಇಷ್ಟು ತೋರಿಸಿದೆ ಅಂದರೆ ನಿಜ ಎಷ್ಟಿದ್ದೀತು? ಕಪಾಟಿನಿಂದ ಹಳೆಯ ಪಟ್ಟಿ ತೆಗೆದು, "ಐದು ಮಿನಿಟು ಕೂಡು" ಅಂದರೆ, "ರೊಟ್ಟಿ ಹೆಂಚಿನ ಮ್ಯಾಲ ಅದಾವ್ರಿ" ಅಂತಾಳೆ. ಮೂರು ದಿನ ರೊಟ್ಟಿ ಹೊರಗಿನಿಂದ ತಂದು ಕೂರಿಸಿದೆ.

ಆಕೆಯ ಏಳು ದಿನದ ಸರಾಸರಿ 151ಕ್ಕೆ 93. ನನ್ನದು ಈಗ 126ಕ್ಕೆ 78.

ಅಂಕ ಕೊಡಬೇಕಂದರೆ ಐದಕ್ಕೆ ಮೂರೂವರೆ. ತಗೊಳ್ಳುವವರು ಮೊದಲು ಟೇಪು ಹಿಡಿದು ರಟ್ಟೆ ಅಳೆಯಿರಿ, ಮನೆಯಲ್ಲಿ ಎಷ್ಟು ಮಂದಿಯೋ ಅಷ್ಟೂ ರಟ್ಟೆ. ಸೋಮವಾರ ಡಾಕ್ಟರ ಹತ್ತಿರ ಹೊರಟಿದ್ದೇವೆ, ವಹಿಗೆ ಹೊಸ ರಟ್ಟು ಹಾಕಿ ಆಕೆಯ ಹೆಸರು ಬರೆದಿದ್ದೇನೆ.